ವ್ಯಾಪಾರಕ್ಕೆ ಯಾವ ಸಿಸಿಟಿವಿ? ಗೃಹಬಳಕೆಯದೋ, ವಾಣಿಜ್ಯ ಬಳಕೆಯದೋ

ಧಾರವಾಡ: ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ, ದುರ್ಗದಬೈಲ್, ಧಾರವಾಡದ ಸುಭಾಸ ರಸ್ತೆ, ಸೂಪರ್ ಮಾರ್ಕೆಟ್ ಸೇರಿದಂತೆ ಅವಳಿ ನಗರದ ಅಂಗಡಿ ಸಾಲುಗಳಲ್ಲಿ ಸಿಸಿಟಿವಿ ಕ್ಯಾಮೆರಾ ಈಗ ಅಪರೂಪದ ವಸ್ತುವಲ್ಲ. ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ದೊರೆಯುವ ವೈಫೈ ಕ್ಯಾಮೆರಾವನ್ನು ವರ್ತಕರೇ ತಂದು, ಮೊಬೈಲಿಗೆ ಜೋಡಿಸಿಕೊಂಡು, ಮನೆಯಲ್ಲಿ ಕುಳಿತೇ ಗಲ್ಲಾದ ಮೇಲೆ ಕಣ್ಣಿಡಬಹುದು. ಹೀಗಿರುವಾಗ ಹಲವು ಪಟ್ಟು ಹಣ ತೆತ್ತು ವಾಣಿಜ್ಯ ಬಳಕೆಯ ವ್ಯವಸ್ಥೆಯನ್ನು ಏಕೆ ಹಾಕಿಸಬೇಕು ಎಂಬ ಪ್ರಶ್ನೆ ಸಹಜ.

ಈ ಪ್ರಶ್ನೆಗೆ ಉತ್ತರ ದೊರೆಯುವುದು ಕ್ಯಾಮೆರಾದ ಬೆಲೆಪಟ್ಟಿಯಲ್ಲಲ್ಲ. ಕಳವು, ಅಪಘಾತ ಅಥವಾ ತಂಟೆ ನಡೆದ ಮೇಲೆ ಆ ದೃಶ್ಯ ಉಳಿದಿದೆಯೇ, ಅದರಲ್ಲಿ ಮುಖ ತಿಳಿಯುತ್ತದೆಯೇ, ನ್ಯಾಯಾಲಯದಲ್ಲಿ ಅದು ನಿಲ್ಲುತ್ತದೆಯೇ ಎಂಬ ಮೂರು ಸಂಗತಿಗಳ ಮೇಲೆ ಆಯ್ಕೆ ನಿರ್ಧಾರವಾಗಬೇಕು. ಕ್ಯಾಮೆರಾ ಇರುವುದು ಬೇರೆ, ಬೇಕಾದ ಹೊತ್ತಿಗೆ ದೃಶ್ಯ ಕೈಗೆ ಸಿಗುವುದು ಬೇರೆ.

2022ರ ಜುಲೈ 5ರಂದು ಹುಬ್ಬಳ್ಳಿಯ ಉಣಕಲ್ ಬಳಿಯ ಹೋಟೆಲೊಂದರ ಸ್ವಾಗತ ಕೊಠಡಿಯಲ್ಲಿ ‘ಸರಳ ವಾಸ್ತು’ ಖ್ಯಾತಿಯ ಚಂದ್ರಶೇಖರ ಗುರೂಜಿ ಅವರ ಹತ್ಯೆ ನಡೆದಾಗ ಇಡೀ ಘಟನೆ ಅಲ್ಲಿನ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಆರೋಪಿಗಳನ್ನು ಪೊಲೀಸರು ಅದೇ ದಿನ ಬೆಳಗಾವಿ ಜಿಲ್ಲೆಯ ರಾಮದುರ್ಗದ ಬಳಿ ಬಂಧಿಸಿದರು. ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ದಾವಣಗೆರೆ ಜಿಲ್ಲೆಯ ನ್ಯಾಮತಿಯದು. 2024ರ ಅಕ್ಟೋಬರ್ ಕೊನೆಯ ವಾರ ಅಲ್ಲಿನ ಬ್ಯಾಂಕ್ ಶಾಖೆಯಿಂದ 17 ಕಿಲೋಗೂ ಹೆಚ್ಚು ಚಿನ್ನ ಕದ್ದವರು ಹೋಗುವಾಗ ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದರು. ಪ್ರಕರಣ ಭೇದಿಸಲು ಪೊಲೀಸರಿಗೆ ಐದು ತಿಂಗಳು ಹಿಡಿಯಿತು. 2025ರ ಜನವರಿಯಲ್ಲಿ ಮಂಗಳೂರು ಸಮೀಪದ ಕೋಟೆಕಾರಿನ ಸಹಕಾರಿ ಸಂಘದ ಶಾಖೆಯಲ್ಲಿ ಹಾಡಹಗಲೇ ದರೋಡೆ ನಡೆದಾಗ ಅಲ್ಲಿನ ಸಿಸಿಟಿವಿ ಕೆಲಸ ಮಾಡುತ್ತಿರಲಿಲ್ಲ. ಮೂರೂ ಕಡೆ ಕ್ಯಾಮೆರಾಗಳಿದ್ದವು. ದಾಖಲೆ ಉಳಿದದ್ದು ಮಾತ್ರ ಮೊದಲನೆಯದರಲ್ಲಿ.

ಎರಡರ ನಡುವಿನ ವ್ಯತ್ಯಾಸ ಏನು?

ಗೃಹಬಳಕೆಯ ಕ್ಯಾಮೆರಾ ಬಹುತೇಕ ಸ್ವಯಂಪೂರ್ಣ ಸಾಧನ. ವೈಫೈ ಮೂಲಕ ಅಂತರ್ಜಾಲಕ್ಕೆ ಸೇರುತ್ತದೆ. ದೃಶ್ಯವನ್ನು ತನ್ನೊಳಗಿನ ಮೆಮೊರಿ ಕಾರ್ಡಿನಲ್ಲಿ ಅಥವಾ ತಯಾರಕರ ಕ್ಲೌಡ್ ಸಂಗ್ರಹದಲ್ಲಿ ಇಡುತ್ತದೆ. ಕ್ಲೌಡ್ ಸೇವೆಗೆ ಸಾಮಾನ್ಯವಾಗಿ ತಿಂಗಳು ಅಥವಾ ವರ್ಷದ ಲೆಕ್ಕದಲ್ಲಿ ಪ್ರತ್ಯೇಕ ಶುಲ್ಕವಿರುತ್ತದೆ. ಚಲನೆ ಕಂಡಾಗಷ್ಟೇ ಕೆಲವು ಸೆಕೆಂಡುಗಳ ದೃಶ್ಯ ಹಿಡಿಯುವುದು ಇಂತಹ ಹಲವು ಕ್ಯಾಮೆರಾಗಳ ವಾಡಿಕೆ. ಎಲ್ಲವೂ ತಯಾರಕರ ಆಪ್ ಮತ್ತು ಒಂದು ಮೊಬೈಲ್ ಸಂಖ್ಯೆಯ ಖಾತೆಗೆ ಕಟ್ಟಿಕೊಂಡಿರುತ್ತದೆ.

ವಾಣಿಜ್ಯ ಬಳಕೆಯದು ಬಿಡಿ ಕ್ಯಾಮೆರಾ ಅಲ್ಲ, ಒಂದು ವ್ಯವಸ್ಥೆ. ಹಲವು ಕ್ಯಾಮೆರಾಗಳು ತಂತಿಯ ಮೂಲಕ ಒಂದು ದಾಖಲೆ ಪೆಟ್ಟಿಗೆಗೆ ಸೇರುತ್ತವೆ. ಹಳೆಯ ಮಾದರಿಯ ಕೋಆಕ್ಸಿಯಲ್ ತಂತಿಯ ಕ್ಯಾಮೆರಾಗಳಿಗೆ ಡಿವಿಆರ್, ಐಪಿ ಕ್ಯಾಮೆರಾಗಳಿಗೆ ಎನ್‌ವಿಆರ್ ಎಂಬ ಪೆಟ್ಟಿಗೆ ಬಳಕೆಯಲ್ಲಿದೆ. ಅದರೊಳಗಿನ ಹಾರ್ಡ್ ಡಿಸ್ಕ್ ಹಗಲಿರುಳು ಬರೆಯುತ್ತಲೇ ಇರುತ್ತದೆ. ಡಿಸ್ಕ್ ತುಂಬಿದಾಗ ಅತ್ಯಂತ ಹಳೆಯ ದೃಶ್ಯ ಅಳಿದು ಹೊಸದು ಬರುತ್ತದೆ. ಇಂಟರ್‌ನೆಟ್ ನಿಂತರೂ ದಾಖಲಾತಿ ನಿಲ್ಲುವುದಿಲ್ಲ. ಮಾಲೀಕ, ವ್ಯವಸ್ಥಾಪಕ, ಕಾವಲುಗಾರ ಹೀಗೆ ಬೇರೆ ಬೇರೆ ಜನರಿಗೆ ಬೇರೆ ಬೇರೆ ಅಧಿಕಾರ ನೀಡಬಹುದು. ಯಾರು ಯಾವಾಗ ದೃಶ್ಯ ನೋಡಿದರು ಎಂಬ ದಾಖಲೆಯೂ ಉಳಿಯುತ್ತದೆ.

2008ರಲ್ಲಿ ಆಕ್ಸಿಸ್, ಬಾಷ್ ಮತ್ತು ಸೋನಿ ಕಂಪನಿಗಳು ಸೇರಿ ಆರಂಭಿಸಿದ ‘ಆನ್‌ವಿಫ್’ ಎಂಬ ಮಾನದಂಡವೂ ಇಲ್ಲಿ ಮುಖ್ಯ. ಇದನ್ನು ಪಾಲಿಸುವ ಒಂದು ಕಂಪನಿಯ ಕ್ಯಾಮೆರಾವನ್ನು ಇನ್ನೊಂದು ಕಂಪನಿಯ ಪೆಟ್ಟಿಗೆಗೆ ಜೋಡಿಸಬಹುದು. ಕಂಪನಿ ಮುಚ್ಚಿದರೆ ಅಥವಾ ಆಪ್ ಸ್ಥಗಿತಗೊಂಡರೆ ಇಡೀ ವ್ಯವಸ್ಥೆ ಕಸವಾಗುವುದು ಇದರಿಂದ ತಪ್ಪುತ್ತದೆ. ಗೃಹಬಳಕೆಯ ಅಗ್ಗದ ಕ್ಯಾಮೆರಾಗಳಲ್ಲಿ ಈ ಸೌಲಭ್ಯ ಇರಲೇಬೇಕೆಂದಿಲ್ಲ.

ಕಾನೂನು ಹೇಳುವ 30 ದಿನ

ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳು) ಜಾರಿ ಕಾಯ್ದೆ, 2017 ಹೆಚ್ಚು ಜನ ಸೇರುವ ಸಂಸ್ಥೆಗಳ ಮೇಲೆ ಸಿಸಿಟಿವಿ ಅಳವಡಿಸುವ ಹೊಣೆಯನ್ನು ಹೊರಿಸಿದೆ. ಒಂದೇ ವೇಳೆಗೆ 100 ಅಥವಾ ದಿನವೊಂದಕ್ಕೆ 500 ಜನ ಸೇರುವ ಸಾಧ್ಯತೆಯಿರುವ ವಾಣಿಜ್ಯ ಮಳಿಗೆ, ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಧಾರ್ಮಿಕ ಸ್ಥಳ ಮುಂತಾದವು ಇದರಲ್ಲಿ ಸೇರುತ್ತವೆ. ದೃಶ್ಯಗಳನ್ನು 30 ದಿನ ಕಾಯ್ದಿಡಬೇಕು, ಪೊಲೀಸರು ಕೇಳಿದಾಗ ಒದಗಿಸಬೇಕು ಎಂಬುದು ಕಾಯ್ದೆಯ ಆಶಯ. ತಪ್ಪಿದರೆ ದಂಡಕ್ಕೂ ಅವಕಾಶವಿದೆ. ತಮ್ಮ ಸಂಸ್ಥೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಸಮೀಪದ ಠಾಣೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಲೇಸು.

ಧಾರವಾಡದ ಸಪ್ತಾಪುರದ ದೊಡ್ಡ ತರಬೇತಿ ಕೇಂದ್ರ, ಹುಬ್ಬಳ್ಳಿಯ ಜವಳಿ ಮಳಿಗೆ, ಕಲ್ಯಾಣ ಮಂಟಪ, ಖಾನಾವಳಿಗಳು ದಿನಕ್ಕೆ 500 ಜನರ ಮಿತಿಯನ್ನು ಸುಲಭವಾಗಿ ಮುಟ್ಟಬಲ್ಲವು. ಅಂತಹ ಕಡೆ 30 ದಿನಗಳ ಸಂಗ್ರಹ ಆಯ್ಕೆಯ ವಿಷಯವಾಗಿ ಉಳಿಯುವುದಿಲ್ಲ.

ಇದರ ಲೆಕ್ಕ ಸರಳ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಎಡೆಬಿಡದೆ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಜಿಬಿ ಆಗುತ್ತದೆ. 30 ದಿನಕ್ಕೆ 648 ಜಿಬಿ. ಗೃಹಬಳಕೆಯ ಕ್ಯಾಮೆರಾಕ್ಕೆ ಹಾಕುವ 128 ಜಿಬಿ ಕಾರ್ಡು ಈ ಲೆಕ್ಕದಲ್ಲಿ ಆರು ದಿನಕ್ಕೇ ತುಂಬುತ್ತದೆ. ತಿಂಗಳ ಕೊನೆಯಲ್ಲಿ ದಾಸ್ತಾನು ತಾಳೆ ನೋಡುವಾಗ ಸರಕು ಕಡಿಮೆ ಬಂದುದು ತಿಳಿದರೆ, ಅಷ್ಟರಲ್ಲಿ ಆ ದಿನದ ದೃಶ್ಯ ಅಳಿದುಹೋಗಿರುತ್ತದೆ.

ಇಂತಹ ಎಂಟು ಕ್ಯಾಮೆರಾಗಳಿಗೆ 30 ದಿನಕ್ಕೆ ಸುಮಾರು 5.2 ಟಿಬಿ ಬೇಕು. ಆದ್ದರಿಂದ 6 ಟಿಬಿ ಡಿಸ್ಕ್ ಹಾಕಿಸಬೇಕಾಗುತ್ತದೆ. 4 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಬಳಸಿದರೆ ಅಗತ್ಯ ಇಮ್ಮಡಿಯಾಗುತ್ತದೆ. ಎಚ್.264 ಬದಲಿಗೆ ಎಚ್.265 ಸಂಕೋಚನ ವಿಧಾನ ಬಳಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಜಾಗ ಉಳಿಯುತ್ತದೆ. ಅಂಗಡಿ ಮುಚ್ಚಿದ ಹೊತ್ತಿನಲ್ಲಿ ಚಲನೆ ಕಂಡಾಗ ಮಾತ್ರ ದಾಖಲಿಸುವಂತೆ ಹೊಂದಿಸಿದರೆ ಇನ್ನಷ್ಟು ಉಳಿತಾಯ. ದರಪಟ್ಟಿ ಕೊಡುವವರು ‘1 ಟಿಬಿ ಸಾಕು’ ಎಂದರೆ, ಎಷ್ಟು ಕ್ಯಾಮೆರಾಗಳಿಗೆ ಎಷ್ಟು ದಿನ ಎಂದು ಮರುಪ್ರಶ್ನೆ ಹಾಕಲೇಬೇಕು.

ಡಿಸ್ಕಿನ ಬಗೆಯೂ ಮುಖ್ಯ. ಸಾಮಾನ್ಯ ಕಂಪ್ಯೂಟರಿನ ಡಿಸ್ಕ್ ದಿನವಿಡೀ ಬರೆಯುವ ಕೆಲಸಕ್ಕೆ ತಯಾರಾದದ್ದಲ್ಲ. ಕಣ್ಗಾವಲಿಗೆಂದೇ ತಯಾರಿಸಿದ ಡಿಸ್ಕುಗಳು ಬೇರೆ ಇವೆ. ಬೆಲೆಯಲ್ಲಿ ತುಸು ಹೆಚ್ಚಾದರೂ ಈ ಖರ್ಚಿನಲ್ಲಿ ಜಿಪುಣತನ ಸಲ್ಲದು.

ಮುಖ ತಿಳಿಯಬೇಕಾದರೆ

‘ಎಷ್ಟು ಮೆಗಾಪಿಕ್ಸೆಲ್’ ಎಂಬುದಕ್ಕಿಂತ ‘ಎಷ್ಟು ಅಗಲದ ಜಾಗಕ್ಕೆ ಎಷ್ಟು ಪಿಕ್ಸೆಲ್’ ಎಂಬುದು ಸರಿಯಾದ ಪ್ರಶ್ನೆ. ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿಯ ಪ್ರಕಾರ ಅಪರಿಚಿತ ವ್ಯಕ್ತಿಯ ಗುರುತು ಖಚಿತವಾಗಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಇರಬೇಕು. ಮೊದಲೇ ಪರಿಚಯವಿರುವ ವ್ಯಕ್ತಿಯನ್ನು ಗುರುತು ಹಿಡಿಯಲು 125 ಸಾಕು. ಯಾರೋ ಒಬ್ಬರು ಇದ್ದಾರೆ ಎಂದಷ್ಟೇ ತಿಳಿಯಲು 25 ಸಾಕಾಗುತ್ತದೆ.

2 ಮೆಗಾಪಿಕ್ಸೆಲ್ ಕ್ಯಾಮೆರಾದ ದೃಶ್ಯ 1,920 ಪಿಕ್ಸೆಲ್ ಅಗಲವಿರುತ್ತದೆ. ಅದನ್ನು 250ರಿಂದ ಭಾಗಿಸಿದರೆ 7.7 ಮೀಟರ್ ಬರುತ್ತದೆ. ಅಂದರೆ ಕ್ಯಾಮೆರಾ ಇದಕ್ಕಿಂತ ಅಗಲವಾದ ಜಾಗವನ್ನು ತೋರಿಸುತ್ತಿದ್ದರೆ ಅದರಲ್ಲಿನ ಮುಖ ಗುರುತಿಗೆ ಸಾಲದು. ಸಾಮಾನ್ಯವಾಗಿ ಬರುವ 2.8 ಮಿ.ಮೀ. ಮಸೂರದ ಕ್ಯಾಮೆರಾ ಬಹಳ ಅಗಲ ನೋಡುವುದರಿಂದ ಗುರುತು ಹಿಡಿಯುವ ದೂರ ಸುಮಾರು 3 ಮೀಟರಿಗೇ ಮುಗಿಯುತ್ತದೆ. 4 ಮಿ.ಮೀ. ಮಸೂರದಲ್ಲಿ ಅದು 4 ಮೀಟರಿನಷ್ಟು, 6 ಮಿ.ಮೀ. ಮಸೂರದಲ್ಲಿ 7 ಮೀಟರಿನಷ್ಟು ಆಗುತ್ತದೆ.

ಗೃಹಬಳಕೆಯ ಕ್ಯಾಮೆರಾಗಳಲ್ಲಿ ಬಹುತೇಕ ಅಗಲ ನೋಟದ ಒಂದೇ ಮಸೂರವಿದ್ದು ಅದನ್ನು ಬದಲಿಸುವಂತಿಲ್ಲ. ವಾಣಿಜ್ಯ ಮಾದರಿಯಲ್ಲಿ ಜಾಗಕ್ಕೆ ತಕ್ಕ ಮಸೂರವನ್ನು ಆರಿಸಬಹುದು. ಇಡೀ ಅಂಗಡಿ ಕಾಣುವ ಒಂದು ಕ್ಯಾಮೆರಾ, ಬಾಗಿಲಲ್ಲಿ ಮುಖದ ಎತ್ತರಕ್ಕೆ ಹತ್ತಿರವಾಗಿ ಇನ್ನೊಂದು, ಗಲ್ಲಾದ ಮೇಲೆ ಕೈ ಮತ್ತು ನೋಟುಗಳು ಕಾಣುವಂತೆ ಮತ್ತೊಂದು ಎಂಬ ಹಂಚಿಕೆ ಸಣ್ಣ ಅಂಗಡಿಗೂ ಒಪ್ಪುತ್ತದೆ. ಚಾವಣಿಯ ಮೂಲೆಯಲ್ಲಿ ಎತ್ತರಕ್ಕೆ ಕಟ್ಟಿದ ಕ್ಯಾಮೆರಾ ಟೊಪ್ಪಿಗೆ ಮತ್ತು ನೆತ್ತಿಯನ್ನಷ್ಟೇ ತೋರಿಸುತ್ತದೆ.

ಅಂಗಡಿಯ ಒಳಗಿನಿಂದ ಬೀದಿಯ ಕಡೆ ನೋಡುವ ಕ್ಯಾಮೆರಾಕ್ಕೆ ಇನ್ನೊಂದು ತೊಡಕಿದೆ. ಹೊರಗಿನ ಬಿಸಿಲಿನ ಪ್ರಖರತೆಗೆ ಒಳಬರುವವರ ಮುಖ ಕಪ್ಪಾಗಿ ಕಾಣುತ್ತದೆ. ಬೆಳಕು ನೆರಳನ್ನು ಸರಿದೂಗಿಸುವ ಡಬ್ಲ್ಯೂಡಿಆರ್ ಸೌಲಭ್ಯವಿರುವ ಕ್ಯಾಮೆರಾವನ್ನೇ ಬಾಗಿಲಿಗೆ ಆರಿಸಬೇಕು. ಅಮರಗೋಳದ ಎಪಿಎಂಸಿ ಪ್ರಾಂಗಣದಂತಹ ಕಡೆ ರಾತ್ರಿ ಲಾರಿಗಳ ಸಂಖ್ಯಾಫಲಕ ಹಿಡಿಯಬೇಕೆಂದರೆ ಅದಕ್ಕೆಂದೇ ಕಿರಿದಾದ ನೋಟದ ಪ್ರತ್ಯೇಕ ಕ್ಯಾಮೆರಾ ಬೇಕು. ಅಂಗಳವಿಡೀ ತೋರಿಸುವ ಕ್ಯಾಮೆರಾದಲ್ಲಿ ದೀಪದ ಝಳಕ್ಕೆ ಫಲಕದ ಅಂಕಿಗಳು ಅಳಿಸಿದಂತೆ ಕಾಣುತ್ತವೆ.

ಪೆಟ್ಟಿಗೆ ಎಲ್ಲಿರಬೇಕು?

ನ್ಯಾಮತಿ ಪ್ರಕರಣದ ಪಾಠ ಇಲ್ಲಿದೆ. ದುಬಾರಿ ಕ್ಯಾಮೆರಾ ಹಾಕಿಸಿ, ಡಿವಿಆರ್ ಪೆಟ್ಟಿಗೆಯನ್ನು ಗಲ್ಲಾದ ಕೆಳಗೋ ಟಿವಿ ಪರದೆಯ ಪಕ್ಕದಲ್ಲೋ ಇಟ್ಟರೆ, ಕಳ್ಳನಿಗೆ ಸಾಕ್ಷ್ಯವನ್ನೂ ಕೈಗೆ ಕೊಟ್ಟಂತೆ. ಪೆಟ್ಟಿಗೆ ಗಾಳಿಯಾಡುವ, ಬೀಗವಿರುವ, ಹೊರಗಿನವರ ಕಣ್ಣಿಗೆ ಬೀಳದ ಜಾಗದಲ್ಲಿರಬೇಕು. ಪರದೆ ಮಾತ್ರ ಗಲ್ಲಾದ ಬಳಿ ಇದ್ದರೆ ಸಾಕು.

ಇದಕ್ಕಿಂತ ಉತ್ತಮ ಉಪಾಯವೆಂದರೆ ಎರಡು ಕಡೆ ದಾಖಲಾತಿ. ಎಲ್ಲ ಕ್ಯಾಮೆರಾಗಳನ್ನೂ ಕ್ಲೌಡ್‌ಗೆ ಕಳಿಸುವುದು ಅನೇಕರಿಗೆ ಕಾರ್ಯಸಾಧ್ಯವಲ್ಲ. ಎಂಟು ಕ್ಯಾಮೆರಾಗಳಿಗೆ ಸೆಕೆಂಡಿಗೆ 16 ಮೆಗಾಬಿಟ್ ಅಪ್‌ಲೋಡ್ ಹಗಲಿರುಳು ಬೇಕಾಗುತ್ತದೆ. ಆದರೆ ಬಾಗಿಲು ಮತ್ತು ತಿಜೋರಿಯ ಎರಡು ಕ್ಯಾಮೆರಾಗಳ ದೃಶ್ಯ ಮಾತ್ರ ಹೊರಗಿನ ಸಂಗ್ರಹಕ್ಕೆ ಹೋಗುವಂತೆ ಮಾಡಬಹುದು. ಮೆಮೊರಿ ಕಾರ್ಡ್ ಹಾಕಲು ಅವಕಾಶವಿರುವ ಐಪಿ ಕ್ಯಾಮೆರಾಗಳಲ್ಲಿ ಪೆಟ್ಟಿಗೆ ಕಳುವಾದರೂ ಕ್ಯಾಮೆರಾದೊಳಗೆ ಪ್ರತಿ ಉಳಿಯುತ್ತದೆ.

ಈ ಒಂದು ವಿಷಯದಲ್ಲಿ ಗೃಹಬಳಕೆಯ ಕ್ಲೌಡ್ ಕ್ಯಾಮೆರಾ ಮೇಲುಗೈ ಪಡೆಯುತ್ತದೆ. ಅದನ್ನು ಕಿತ್ತೊಯ್ದರೂ ಕಿತ್ತವನ ಮುಖ ಅಷ್ಟರಲ್ಲಿ ದೂರದ ಸರ್ವರಿಗೆ ತಲುಪಿರುತ್ತದೆ. ವಾಣಿಜ್ಯ ವ್ಯವಸ್ಥೆಯ ಪೆಟ್ಟಿಗೆಯ ಮೇಲೆಯೇ ಅಂತಹ ಒಂದು ಕ್ಯಾಮೆರಾ ಕಣ್ಣಿಡುವಂತೆ ಹಾಕಿಸುವುದು ಕಡಿಮೆ ಖರ್ಚಿನ ಹೆಚ್ಚುವರಿ ರಕ್ಷಣೆ.

ವಿದ್ಯುತ್, ತಂತಿ ಮತ್ತು ಮಳೆ

ಕ್ಯಾಮೆರಾ ‘ವೈರ್‌ಲೆಸ್’ ಎಂದರೂ ಬಹುತೇಕ ಮಾದರಿಗಳಿಗೆ ವಿದ್ಯುತ್ ತಂತಿ ಬೇಕೇ ಬೇಕು. ಹೆಸ್ಕಾಂ ವಿದ್ಯುತ್ ಹೋದಾಗ ಕ್ಯಾಮೆರಾ, ವೈಫೈ ರೂಟರ್ ಎರಡೂ ನಿಲ್ಲುತ್ತವೆ. ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸುವ ರೂಢಿಯಿರುವವರು ಕ್ಯಾಮೆರಾಕ್ಕೆ ಪ್ರತ್ಯೇಕ ಸಂಪರ್ಕ ಕೊಡಿಸದಿದ್ದರೆ, ಕಾವಲು ಬೇಕಾದ ರಾತ್ರಿಯ ಹೊತ್ತಿಗೇ ಕ್ಯಾಮೆರಾ ಕುರುಡಾಗಿರುತ್ತದೆ.

ವಾಣಿಜ್ಯ ಐಪಿ ಕ್ಯಾಮೆರಾಗಳಲ್ಲಿ ‘ಪಿಒಇ’ ವಿಧಾನ ಬಳಕೆಯಲ್ಲಿದೆ. ಒಂದೇ ನೆಟ್‌ವರ್ಕ್ ತಂತಿಯಲ್ಲಿ ದೃಶ್ಯವೂ ವಿದ್ಯುತ್ತೂ ಸಾಗುತ್ತವೆ. ತಂತಿಯ ಉದ್ದ 100 ಮೀಟರ್ ಮೀರುವಂತಿಲ್ಲ. ಎಲ್ಲ ಕ್ಯಾಮೆರಾಗಳ ವಿದ್ಯುತ್ ಒಂದೇ ಕಡೆಯಿಂದ ಬರುವುದರಿಂದ, ಆ ಒಂದು ಕಡೆಗೆ ಇನ್ವರ್ಟರ್ ಅಥವಾ ಯುಪಿಎಸ್ ಜೋಡಿಸಿದರೆ ಇಡೀ ವ್ಯವಸ್ಥೆ ನಡೆಯುತ್ತದೆ. ಎಂಟು ಕ್ಯಾಮೆರಾ ಮತ್ತು ಪೆಟ್ಟಿಗೆ ಸೇರಿ ಬಳಸುವುದು ಸುಮಾರು 100 ವಾಟ್. ಅಂಗಡಿಯಲ್ಲಿರುವ ಸಾಮಾನ್ಯ ಇನ್ವರ್ಟರ್ ಇದನ್ನು ಕೆಲವು ಗಂಟೆ ನಿಭಾಯಿಸಬಲ್ಲದು.

ಹೊರಗೆ ಹಾಕುವ ಕ್ಯಾಮೆರಾ ಧಾರವಾಡದ ಮಳೆಗಾಲವನ್ನು ತಾಳಬೇಕು. ಧೂಳು, ನೀರು ತಡೆಯುವ ಐಪಿ 66 ಅಥವಾ ಐಪಿ 67 ಶ್ರೇಣಿಯ ಮಾದರಿ ಇದಕ್ಕೆ ತಕ್ಕುದು. ಕೈಗೆಟಕುವ ಎತ್ತರದಲ್ಲಿದ್ದರೆ ಹೊಡೆತ ತಾಳುವ ಐಕೆ 10 ಶ್ರೇಣಿ ಇರಬೇಕು. ತಾರಿಹಾಳ, ಗೋಕುಲ ರಸ್ತೆ, ಬೇಲೂರು ಕೈಗಾರಿಕಾ ಪ್ರದೇಶಗಳ ವಿಶಾಲ ಅಂಗಳಗಳಲ್ಲಿ ಉದ್ದುದ್ದ ತಾಮ್ರದ ತಂತಿ ಎಳೆದರೆ ಗುಡುಗು ಸಿಡಿಲಿನ ದಿನಗಳಲ್ಲಿ ಅಪಾಯ. ಭೂಸಂಪರ್ಕ ಮತ್ತು ಸರ್ಜ್ ರಕ್ಷಕ ಇಲ್ಲದಿದ್ದರೆ ಒಂದೇ ಸಿಡಿಲಿಗೆ ಪೆಟ್ಟಿಗೆಯೂ ಸೇರಿ ಎಲ್ಲವೂ ಸುಡಬಹುದು. ದೂರ ಹೆಚ್ಚಿದ್ದಲ್ಲಿ ಆಪ್ಟಿಕಲ್ ಫೈಬರ್ ಬಳಸುವುದು ಸೂಕ್ತ.

ಕಾವಲುಗಾರನಿಗೇ ಕಾವಲು

ಅಂತರ್ಜಾಲಕ್ಕೆ ಸೇರಿದ ಕ್ಯಾಮೆರಾ ಹೊರಗಿನವರಿಗೂ ಕಿಟಕಿಯಾಗಬಹುದು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ 60ಕ್ಕೂ ಹೆಚ್ಚು ಸಿದ್ಧ ಹೆಸರು, ಪಾಸ್‌ವರ್ಡ್ ಜೋಡಿಗಳನ್ನು ಬಳಸಿ ಅಸಂಖ್ಯ ಕ್ಯಾಮೆರಾ ಹಾಗೂ ಡಿವಿಆರ್‌ಗಳನ್ನು ವಶಪಡಿಸಿಕೊಂಡಿತು. ಅವುಗಳಿಂದಲೇ ಆ ವರ್ಷ ಅಕ್ಟೋಬರ್ 21ರಂದು ಅಮೆರಿಕದ ಡಿನ್ ಕಂಪನಿಯ ಮೇಲೆ ದಾಳಿ ನಡೆದು ಹಲವು ಪ್ರಮುಖ ಜಾಲತಾಣಗಳು ಗಂಟೆಗಟ್ಟಲೆ ಸ್ಥಗಿತಗೊಂಡವು. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಸೋರಿಕೆಯಾಗಿ, ರೋಗಿಗಳ ತಪಾಸಣೆಯ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದ ಪ್ರಕರಣ ದೇಶವನ್ನೇ ಬೆಚ್ಚಿಬೀಳಿಸಿತು.

ವಾಣಿಜ್ಯ ಎಂಬ ಹಣೆಪಟ್ಟಿ ಇದ್ದ ಮಾತ್ರಕ್ಕೆ ಸುರಕ್ಷಿತ ಎನ್ನಲಾಗದು. 2021ರ ಮಾರ್ಚ್‌ನಲ್ಲಿ ಅಮೆರಿಕದ ‘ವೆರ್ಕಾಡಾ’ ಕಂಪನಿಯ ಸುಮಾರು ಒಂದೂವರೆ ಲಕ್ಷ ವಾಣಿಜ್ಯ ಕ್ಯಾಮೆರಾಗಳ ದೃಶ್ಯ ಹ್ಯಾಕರ್‌ಗಳಿಗೆ ದೊರಕಿತ್ತು. ಗೃಹಬಳಕೆಯ ‘ವೈಜ್’ ಕ್ಯಾಮೆರಾಗಳಲ್ಲಿ 2024ರ ಫೆಬ್ರವರಿಯಲ್ಲಿ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರಗಳು ಕಾಣಿಸಿಕೊಂಡವು. ಎರಡೂ ವರ್ಗಕ್ಕೆ ಎಚ್ಚರಿಕೆ ಸಮಾನ.

ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಸಿಸಿಟಿವಿ ಕ್ಯಾಮೆರಾಗಳು ವಿದ್ಯುತ್ ಸುರಕ್ಷತೆಯ ಜತೆಗೆ ಸೈಬರ್ ಭದ್ರತೆಯ ಪರೀಕ್ಷೆಯನ್ನೂ ತೇರ್ಗಡೆಯಾಗಬೇಕು. 2025ರ ಏಪ್ರಿಲ್ 9ರಿಂದ ಇದು ಕಡ್ಡಾಯವಾಗಿದೆ. ಖರೀದಿಸುವಾಗ ಪೆಟ್ಟಿಗೆಯ ಮೇಲೆ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ನೋಡಬೇಕು. ಬಿಐಎಸ್ ಕೇರ್ ಆಪ್‌ನಲ್ಲಿ ಆ ಸಂಖ್ಯೆಯನ್ನು ತಾಳೆ ನೋಡಬಹುದು. ಹಳೆಯ ದಾಸ್ತಾನನ್ನು ಅಗ್ಗದ ಬೆಲೆಗೆ ಸಾಗಹಾಕುವ ಆಮಿಷಕ್ಕೆ ಒಳಗಾಗಬಾರದು.

ಇನ್ನೊಂದು ಅಪಾಯ ಮನೆಯೊಳಗಿನದೇ. ಅಳವಡಿಸುವ ತಂತ್ರಜ್ಞರು ತಮ್ಮದೇ ಮೊಬೈಲ್ ಸಂಖ್ಯೆಯಲ್ಲಿ ಖಾತೆ ತೆರೆದು, ಮಾಲೀಕರಿಗೆ ನೋಡುವ ಹಕ್ಕನ್ನಷ್ಟೇ ಕೊಟ್ಟು ಹೋಗುವುದುಂಟು. ಅಂಗಡಿಯ ಹುಡುಗನ ಮೊಬೈಲಿನಲ್ಲಿ ಖಾತೆ ಇದ್ದು, ಅವನು ಕೆಲಸ ಬಿಟ್ಟ ಮೇಲೂ ಕ್ಯಾಮೆರಾ ಅವನ ಕೈಯಲ್ಲೇ ಉಳಿಯಬಹುದು. ಪ್ರಧಾನ ಖಾತೆ ಮಾಲೀಕರ ಸಂಖ್ಯೆಯಲ್ಲೇ ಇರಬೇಕು. ಕೆಲಸ ಮುಗಿದ ದಿನವೇ ಪಾಸ್‌ವರ್ಡ್ ಬದಲಿಸಬೇಕು. ಗ್ರಾಹಕರಿಗೆ ಕೊಡುವ ವೈಫೈ ಮತ್ತು ಕ್ಯಾಮೆರಾದ ಜಾಲ ಬೇರೆ ಬೇರೆ ಆಗಿರಬೇಕು.

ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ

ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ವಾಟ್ಸ್‌ಆಪ್‌ನಲ್ಲಿ ಠಾಣೆಗೆ ಕಳಿಸಿದರೆ ತನಿಖೆಗೆ ಸುಳಿವು ಸಿಗಬಹುದು, ಸಾಕ್ಷ್ಯವಾಗಿ ಅದು ದುರ್ಬಲ. 2020ರ ಜುಲೈನಲ್ಲಿ ಅರ್ಜುನ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಕಡ್ಡಾಯ ಎಂದು ಸ್ಪಷ್ಟಪಡಿಸಿತು. ಆಗ ಜಾರಿಯಲ್ಲಿದ್ದ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಜಾಗಕ್ಕೆ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ಇದರಂತೆ ಪ್ರಮಾಣಪತ್ರದ ಒಂದು ಭಾಗವನ್ನು ದಾಖಲೆ ಒದಗಿಸುವವರೂ ಇನ್ನೊಂದನ್ನು ತಜ್ಞರೂ ತುಂಬಬೇಕು. ಕಡತ ಬದಲಾಗಿಲ್ಲವೆಂದು ತೋರಿಸುವ ‘ಹ್ಯಾಶ್’ ಮೌಲ್ಯವನ್ನೂ ನಮೂದಿಸಬೇಕು.

ಎನ್‌ವಿಆರ್ ಅಥವಾ ಡಿವಿಆರ್ ಇದ್ದಾಗ ಮೂಲ ಡಿಸ್ಕ್ ನಿಮ್ಮ ವಶದಲ್ಲೇ ಇರುತ್ತದೆ. ಬೇಕಾದ ಅವಧಿಯ ದೃಶ್ಯವನ್ನು ಪೂರ್ಣ ಗುಣಮಟ್ಟದಲ್ಲಿ ಪೆನ್‌ಡ್ರೈವಿಗೆ ತೆಗೆಯಬಹುದು. ಯಾವ ಸಾಧನ, ಯಾರ ವಶ, ಎಂದಿನಿಂದ ಬಳಕೆ ಎಂಬ ಪ್ರಶ್ನೆಗಳಿಗೆ ಉತ್ತರ ನೇರ. ಕ್ಲೌಡ್ ಕ್ಯಾಮೆರಾದ ದೃಶ್ಯ ದೂರದ, ಕೆಲವೊಮ್ಮೆ ವಿದೇಶದ ಸರ್ವರಿನಲ್ಲಿದ್ದು ಮಾಲೀಕರ ಕೈಗೆ ತುಣುಕುಗಳಷ್ಟೇ ಸಿಗುತ್ತವೆ. ಚಂದಾ ಮುಗಿದಿದ್ದರೆ ಅವೂ ಸಿಗದಿರಬಹುದು.

ಪೆಟ್ಟಿಗೆಯ ಗಡಿಯಾರ ಸರಿಯಿರುವುದು ಅತ್ಯಗತ್ಯ. ದೃಶ್ಯದ ಮೇಲಿನ ಸಮಯ 40 ನಿಮಿಷ ಹಿಂದಿದ್ದರೆ ಎದುರು ಪಕ್ಷದ ವಕೀಲರಿಗೆ ಅಷ್ಟೇ ಸಾಕು. ಅಂತರ್ಜಾಲದಿಂದ ಸಮಯವನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆಯನ್ನು ಚಾಲೂ ಇಟ್ಟು ತಿಂಗಳಿಗೊಮ್ಮೆ ನೋಡಬೇಕು. ಘಟನೆ ನಡೆದ ಕೂಡಲೇ ಆ ದೃಶ್ಯವನ್ನು ಪ್ರತ್ಯೇಕವಾಗಿ ತೆಗೆದಿಡುವುದು ಮೊದಲ ಕರ್ತವ್ಯ. ಇಲ್ಲವಾದರೆ ಡಿಸ್ಕ್ ತುಂಬಿದಂತೆ ಅದೂ ಅಳಿಯುತ್ತದೆ.

ಎಲ್ಲಿ ಹಾಕಬಾರದು?

ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ವಸತಿಗೃಹದ ಕೊಠಡಿ, ತಪಾಸಣಾ ಕೊಠಡಿಗಳಲ್ಲಿ ಕ್ಯಾಮೆರಾ ಹಾಕುವಂತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿದರೆ ಅಥವಾ ಹರಡಿದರೆ ಮೂರು ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಹಿಳೆಯರ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಅಡಿ ಅಪರಾಧ. ಸಪ್ತಾಪುರ ಸೇರಿದಂತೆ ವಿದ್ಯಾರ್ಥಿ ವಸತಿನಿಲಯ ನಡೆಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದ್ದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ಬಳಿಕ ಜಾರಿಗೆ ಬರುವಂತೆ ಕಾಲಾವಕಾಶ ನೀಡಲಾಗಿದೆ. ಕ್ಯಾಮೆರಾ ಇರುವ ಬಗ್ಗೆ ಕನ್ನಡದಲ್ಲಿ ಸೂಚನಾ ಫಲಕ ಹಾಕುವುದು, ದೃಶ್ಯ ನೋಡುವವರ ಸಂಖ್ಯೆಯನ್ನು ಮಿತಗೊಳಿಸುವುದು, ಗ್ರಾಹಕರ ದೃಶ್ಯಗಳನ್ನು ತಮಾಷೆಗೂ ಸಾಮಾಜಿಕ ಜಾಲತಾಣಕ್ಕೆ ಹಾಕದಿರುವುದು ಈಗಿನಿಂದಲೇ ರೂಢಿಯಾಗಬೇಕು.

ಯಾರಿಗೆ ಯಾವುದು ಸರಿ?

ಒಬ್ಬರೇ ನಡೆಸುವ ಕಿರಾಣಿ ಅಂಗಡಿ, ದರ್ಜಿ ಅಂಗಡಿ, ಝೆರಾಕ್ಸ್ ಕೇಂದ್ರ, ಸಣ್ಣ ಕಚೇರಿ: ಒಂದೆರಡು ಗೃಹಬಳಕೆಯ ಕ್ಯಾಮೆರಾ ಸಾಕಾಗಬಹುದು. ದೊಡ್ಡ ಸಾಮರ್ಥ್ಯದ ಕಾರ್ಡು, ಬಾಗಿಲಿನ ಕ್ಯಾಮೆರಾಕ್ಕೆ ಕ್ಲೌಡ್ ಚಂದಾ, ರೂಟರ್‌ಗೆ ಸಣ್ಣ ಯುಪಿಎಸ್ ಇರಲಿ. ಬಾಡಿಗೆ ಮಳಿಗೆ ಬಿಡುವಾಗ ಬಿಚ್ಚಿ ಒಯ್ಯುವುದೂ ಸುಲಭ.

ನಾಲ್ಕಾರು ನೌಕರರಿರುವ ಜವಳಿ, ಔಷಧ, ಮೊಬೈಲ್ ಮಳಿಗೆ, ಪೇಢೆ ಅಂಗಡಿ, ಖಾನಾವಳಿ: ನಾಲ್ಕರಿಂದ ಎಂಟು ತಂತಿಯ ಕ್ಯಾಮೆರಾಗಳ ವಾಣಿಜ್ಯ ವ್ಯವಸ್ಥೆ ಉತ್ತಮ. ಐಪಿ ಕ್ಯಾಮೆರಾಗಳು ಕೈಗೆಟಕದಿದ್ದರೆ ಡಿವಿಆರ್ ಆಧಾರಿತ ಎಚ್‌ಡಿ ಕ್ಯಾಮೆರಾಗಳೂ ಆಗಬಹುದು. 30 ದಿನಗಳ ಸಂಗ್ರಹದಲ್ಲಿ ರಾಜಿ ಬೇಡ.

ಸರಾಫ ಅಂಗಡಿ, ಸಹಕಾರಿ ಪತ್ತಿನ ಸಂಘ, ಗಿರವಿ ಅಂಗಡಿ: ವಾಣಿಜ್ಯ ವ್ಯವಸ್ಥೆಯೇ ಬೇಕು. ಎರಡು ಕಡೆ ದಾಖಲಾತಿ, ಬೀಗವಿರುವ ಪೆಟ್ಟಿಗೆ, ಕ್ಯಾಮೆರಾ ನಿಂತರೆ ಮೊಬೈಲಿಗೆ ಎಚ್ಚರಿಕೆ ಬರುವ ಸೌಲಭ್ಯ ಕಡ್ಡಾಯವೆಂದೇ ಭಾವಿಸಬೇಕು. ಕ್ಯಾಮೆರಾ ದುರಸ್ತಿಯ ದಿನ ಪರ್ಯಾಯ ಕಾವಲು ಇರಲೇಬೇಕು ಎಂಬುದು ಕೋಟೆಕಾರಿನ ಘಟನೆ ಕಲಿಸಿದ ಪಾಠ.

ಕಾರ್ಖಾನೆ, ಗೋದಾಮು, ಎಪಿಎಂಸಿಯ ದಲಾಲಿ ಅಂಗಡಿ: ವಾಣಿಜ್ಯ ಐಪಿ ಕ್ಯಾಮೆರಾ, ಜಾಗಕ್ಕೆ ತಕ್ಕ ಮಸೂರ, ಫೈಬರ್ ತಂತಿ. ತೂಕದ ಕಾಟಾ, ಗೇಟು, ಸರಕು ಏರಿಸಿ ಇಳಿಸುವ ಜಾಗಕ್ಕೆ ಆದ್ಯತೆ.

ಗ್ರಾಹಕ ಹಕ್ಕಿನ ವಿಷಯದಲ್ಲೂ ವ್ಯತ್ಯಾಸವಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಂತೆ ವಾಣಿಜ್ಯ ಉದ್ದೇಶಕ್ಕೆ ಸರಕು ಖರೀದಿಸಿದವರು ‘ಗ್ರಾಹಕ’ ಎನಿಸುವುದಿಲ್ಲ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕೆ ಖರೀದಿಸಿದವರಿಗೆ ಮಾತ್ರ ಇದರಿಂದ ವಿನಾಯಿತಿ. ಹೀಗಾಗಿ ಸಣ್ಣ ಅಂಗಡಿಕಾರರು ಗ್ರಾಹಕ ಆಯೋಗದ ಮೊರೆ ಹೋಗಬಹುದಾದರೂ ದೊಡ್ಡ ಸಂಸ್ಥೆಗಳಿಗೆ ಲಿಖಿತ ಕರಾರೇ ಆಧಾರ. ಗೃಹಬಳಕೆಗೆಂದೇ ಮಾರಿದ ಕ್ಯಾಮೆರಾದ ವಾರಂಟಿ ವ್ಯಾಪಾರದ ಜಾಗಕ್ಕೆ ಅನ್ವಯಿಸುತ್ತದೆಯೇ ಎಂಬುದನ್ನೂ ಓದಿ ನೋಡಬೇಕು.

ಹಣ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಎಲ್ಲ ಕ್ಯಾಮೆರಾಗಳೂ ಎಡೆಬಿಡದೆ ದಾಖಲಿಸಿದರೆ ಎಷ್ಟು ದಿನದ ದೃಶ್ಯ ಉಳಿಯುತ್ತದೆ?

2. ಬಾಗಿಲಲ್ಲಿ ನಿಂತವರ ಮುಖ ರಾತ್ರಿಯ ಬೆಳಕಿನಲ್ಲಿ ಹೇಗೆ ಕಾಣುತ್ತದೆ? ಅಳವಡಿಸಿದ ದಿನ ರಾತ್ರಿಯೇ ಪರೀಕ್ಷಿಸಿ ತೋರಿಸುತ್ತೀರಾ?

3. ವಿದ್ಯುತ್ ಹೋದರೆ, ಇಂಟರ್‌ನೆಟ್ ನಿಂತರೆ ದಾಖಲಾತಿ ಎಷ್ಟು ಹೊತ್ತು ನಡೆಯುತ್ತದೆ?

4. ಪೆಟ್ಟಿಗೆ ಕಳುವಾದರೆ ದೃಶ್ಯದ ಇನ್ನೊಂದು ಪ್ರತಿ ಎಲ್ಲಿರುತ್ತದೆ?

5. ಪ್ರಧಾನ ಖಾತೆ, ಪಾಸ್‌ವರ್ಡ್ ಯಾರ ಹೆಸರಿನಲ್ಲಿರುತ್ತದೆ?

6. ಬಿಐಎಸ್ ನೋಂದಣಿ ಸಂಖ್ಯೆ ಯಾವುದು? ತಂತ್ರಾಂಶದ ಭದ್ರತಾ ಪರಿಷ್ಕರಣೆ ಎಷ್ಟು ವರ್ಷ ಬರುತ್ತದೆ?

7. ಕೆಟ್ಟರೆ ಎಷ್ಟು ಗಂಟೆಯಲ್ಲಿ ಬರುತ್ತೀರಿ? ವಾರ್ಷಿಕ ನಿರ್ವಹಣೆಯ ಕರಾರು ಲಿಖಿತದಲ್ಲಿದೆಯೇ?

ಈ ಏಳಕ್ಕೂ ಸಮಾಧಾನಕರ ಉತ್ತರ ದೊರೆತರೆ ಕ್ಯಾಮೆರಾ ಯಾವ ವರ್ಗದ್ದೆಂಬ ಚಿಂತೆ ಅನಗತ್ಯ. ಅಳವಡಿಸಿದ ಮೇಲೆ ಮಾಲೀಕರ ಪಾಲಿನ ಕೆಲಸ ಒಂದೇ ಉಳಿಯುತ್ತದೆ. ತಿಂಗಳಿಗೊಂದು ದಿನ ಗೊತ್ತುಮಾಡಿಕೊಂಡು, 29 ದಿನಗಳ ಹಿಂದಿನ ಯಾವುದಾದರೂ ಒಂದು ಗಂಟೆಯ ದೃಶ್ಯವನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದು ನೋಡಬೇಕು. ಅದು ಸಿಗದಿದ್ದರೆ, ದುರಸ್ತಿಗೆ ಕರೆ ಮಾಡಬೇಕಾದದ್ದು ಅಂದೇ.